ದುರ್ಬೀನಿನ ಪಾಲು

ಅಪ್ಪನ ದುರ್ಬೀನನ್ನು ನನ್ನ ಅಣ್ಣ ಮತ್ತು ತಮ್ಮ ಪಾಲು ಮಾಡಿಕೊಂಡದ್ದು ಹೀಗೆ: ಕೊಳವೆ ಮತ್ತು ಮರದ ಪೀಠ ಅಣ್ಣನಿಗೆ, ಕನ್ನಡಿಗಳು ಮತ್ತು ಕಣ್ಣಿಟ್ಟು ನೋಡುವ ಮಸೂರ ತಮ್ಮನಿಗೆ. ನಗಬೇಡಿ. ಪಾತ್ರೆ, ಮಂಚ, ರೇಡಿಯೋ ರಿಪೇರಿಯ ಸಾಮಾನು ಎಲ್ಲ ಹಂಚಿ ಮುಗಿಯುವ ಹೊತ್ತಿಗೆ ಇಬ್ಬರಿಗೂ ಪಿತ್ತ ನೆತ್ತಿಗೇರಿತ್ತು, ಉಳಿದದ್ದು ಅದೊಂದೇ. ಕನ್ನಡಿಯಿಲ್ಲದ ಕೊಳವೆಯಲ್ಲಿ ಏನು ಊದುತ್ತೀಯ, ಕೊಳವೆಯಿಲ್ಲದ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತೀಯಾ ಎಂದು ಇಬ್ಬರನ್ನೂ ಕೇಳಿದೆ. ನನ್ನ ಪಾಲಿಗೆ ಅಮ್ಮ ಬಂದಳು.

ಅಪ್ಪ ರೇಡಿಯೋ ರಿಪೇರಿಯವನು. ಅಂಗಡಿಯಿಂದ ಹೊಸ ದುರ್ಬೀನು ತರುವ ತಾಕತ್ತು ಇರಲಿಲ್ಲ, ಅದಕ್ಕೇ ಒಂದೊಂದೇ ಭಾಗ ಕೂಡಿಹಾಕುತ್ತ ಬಂದ. ಸಣ್ಣ ತಟ್ಟೆಯಗಲದ ದೊಡ್ಡ ಕನ್ನಡಿ ಯಾವುದೋ ಕಾಲೇಜಿನವರು ಹರಾಜು ಹಾಕಿದ ಸಾಮಾನಿನಲ್ಲಿ ಸಿಕ್ಕಿತು. ಕೊಳವೆಯೆಂದರೆ ದಪ್ಪ ನೀರಿನ ಪೈಪು, ಒಳಗೆ ಕಪ್ಪು ಬಣ್ಣ ಬಳಿದ. ಮಸೂರ ಮುರಿದ ಬೈನಾಕ್ಯುಲರಿನದು. ಅದು ಹಿಂದೆ ಮುಂದೆ ಸರಿಯಲೆಂದು ಸಿಂಕಿನ ಕೆಳಗೆ ಹಾಕುವ ಪೈಪಿನ ತುಂಡೊಂದನ್ನು ಕೊಳವೆಯ ಮಗ್ಗುಲಿಗೆ ಕೂರಿಸಿದ್ದ. ಪೀಠ ಸಲೀಸಾಗಿ ತಿರುಗಲು ಎರಡು ಹಲಗೆಗಳ ನಡುವೆ ಹಳೆಯ ಗ್ರಾಮಫೋನ್ ತಟ್ಟೆ. ಅಮ್ಮ ದಿನಾ ಮಂಗಳಾರತಿ ಎತ್ತುತ್ತಿದ್ದಳು: "ಮನೇಲಿ ಸೋರೋ ನಲ್ಲಿಗೆ ಪೈಪಿಲ್ಲ, ಚಂದ್ರಂಗೆ ಪೈಪು ಹಾಕ್ತಾರಂತೆ." ಎಲ್ಲ ಸಾಮಾನು ಕೂಡಿತು, ಜೋಡಿಸುವ ಮೊದಲೇ ಅಪ್ಪ ಹೋದ.

ಜಗಳಕ್ಕೆ ಕಾರಣವೂ ಅಪ್ಪನ ಸಾವೇ. ಅವನು ಆಸ್ಪತ್ರೆಯಲ್ಲಿದ್ದಷ್ಟು ದಿನ ತಮ್ಮ ಆ ಕಡೆ ತಲೆ ಹಾಕಲಿಲ್ಲ. ಹೆದರಿದ್ದ, ಅಷ್ಟೆ, ಅವನು ರಕ್ತ ಕಂಡರೆ ಬಿಳುಚಿಕೊಳ್ಳುವವನು. ಅಣ್ಣ ಹರಿಹಾಯ್ದಾಗ ಅಮ್ಮ ಅಡ್ಡ ಬಂದು, "ನಾನೇ ಬರಬೇಡ ಅಂದಿದ್ದೆ" ಎಂದಳು. ಸುಳ್ಳು. ಅಣ್ಣನಿಗೂ ಗೊತ್ತಿತ್ತು ಸುಳ್ಳೆಂದು. ಚಿಕ್ಕವನಿದ್ದಾಗ ತಮ್ಮ ಪಕ್ಕದ ಮನೆಯ ಕಿಟಕಿ ಒಡೆದರೂ "ನಾನೇ ಕೋಲು ತಾಗಿಸಿದೆ" ಅನ್ನುತ್ತಿದ್ದ ಹೆಂಗಸು ಅವಳು. ಅವತ್ತಿನಿಂದ ಅಣ್ಣ ತಮ್ಮನ ಜೊತೆ ಮಾತು ಬಿಟ್ಟ. ತಮ್ಮನೂ ಬಿಟ್ಟ. ಎದುರಿಗೆ ಸಿಕ್ಕರೆ ರಸ್ತೆ ದಾಟಿ ಆಚೆ ಬದಿಗೆ ಹೋಗುವಷ್ಟು ಹಟ.

ಈ ವರ್ಷ ಅಮ್ಮನ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತು. ಡಾಕ್ಟರು ಕಾಗದ ಪಕ್ಕಕ್ಕಿಟ್ಟು, ಮನೆಗೆ ಕರೆದುಕೊಂಡು ಹೋಗಿ, ತಿನ್ನಬೇಕು ಅಂದದ್ದನ್ನು ಕೊಡಿ ಎಂದರು. ಅಮ್ಮ ತಿನ್ನಬೇಕು ಅನ್ನಲಿಲ್ಲ. "ನಿಮ್ಮಪ್ಪನ ದುರ್ಬೀನು ಜೋಡಿಸಿ, ಒಂದ್ಸಲ ಚಂದ್ರನ್ನ ನೋಡ್ತೀನಿ" ಅಂದಳು.

"ಈಗ ಹುಟ್ಟಿತಾ ನಿಂಗೆ ಚಂದ್ರನ ಮೇಲೆ ಪ್ರೀತಿ?" ಎಂದೆ. ನನ್ನ ಬಾಯಿಯೇ ಹಾಗೆ. ಅಪ್ಪ ನನ್ನನ್ನು ಮೆಣಸಿನಕಾಯಿ ಅಂತಲೇ ಕರೆಯುತ್ತಿದ್ದ.

"ಚಂದ್ರನ್ನ ಕಟ್ಕೊಂಡು ನಂಗೇನಾಗ್ಬೇಕು," ಅಂದಳು. "ಪೈಪು ದೊಡ್ಡೋನ ಹತ್ರ ಇದೆ, ಕನ್ನಡಿ ಚಿಕ್ಕೋನ ಹತ್ರ ಇದೆ. ಜೋಡಿಸ್ಬೇಕಾದ್ರೆ ಇಬ್ರೂ ಬರಬೇಕಲ್ಲ. ನಾನು ಹೋಗೋದ್ರೊಳಗೆ ಇಬ್ರೂ ಮಾತಾಡಿದ್ದು ಒಂದ್ಸಲ ಕಿವಿಗೆ ಬೀಳ್ಲಿ. ಬೇರೇನೂ ಬೇಡ ನಂಗೆ."

ಇಬ್ಬರಿಗೂ ಫೋನು ಮಾಡಿದೆ. ಅಮ್ಮನ ಕಡೆಯ ಆಸೆ ಅಂದ ಮೇಲೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಭಾನುವಾರ ಮಧ್ಯಾಹ್ನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಅಣ್ಣ ಪೈಪನ್ನು ಹೆಗಲ ಮೇಲೆ ಹೊತ್ತು ಬಂದ. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿರುವ ತಮ್ಮ, ಕನ್ನಡಿಯನ್ನು ಹತ್ತಿಯಲ್ಲಿ ಸುತ್ತಿ, ಎಳೆ ಮಗುವನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ಬಂದ. ಕೆಲಸ ನಡೆದದ್ದು ಹಿತ್ತಲಲ್ಲಿ. ಅಮ್ಮನ ಕೋಣೆಯ ಬಾಗಿಲು ಅಲ್ಲಿಗೇ ತೆರೆಯುತ್ತದೆ.

ದೊಡ್ಡ ಕನ್ನಡಿ ಕೊಳವೆಯ ತಳದಲ್ಲಿ ಕೂರಬೇಕು. ಮೇಲ್ತುದಿಯಲ್ಲಿ ಓರೆಯಾಗಿ ಒಂದು ಪುಟ್ಟ ಕನ್ನಡಿ. ಮಗ್ಗುಲ ತೂತಿನಲ್ಲಿ ಇಣುಕಿದರೆ ಎರಡು ಕನ್ನಡಿಗಳೂ ಒಂದರೊಳಗೊಂದು ಸರಿಯಾಗಿ ಕೂತು, ನಟ್ಟನಡುವೆ ನಮ್ಮದೇ ಕಣ್ಣು ಕಾಣಬೇಕು. ಅಲ್ಲಿಯವರೆಗೂ ತಳದಲ್ಲಿರುವ ಮೂರು ನಟ್ಟುಗಳನ್ನು ಅಷ್ಟಿಷ್ಟು ತಿರುಗಿಸುತ್ತಲೇ ಇರಬೇಕು. ರೆಕ್ಕೆಯಿರುವ ನಟ್ಟುಗಳು, ಬರಿಗೈಯಲ್ಲೇ ತಿರುಗಿಸಬಹುದು. ಆದರೆ ಮೇಲೆ ಇಣುಕುವವನ ಕೈಗೆ ತಳದ ನಟ್ಟು ಎಟುಕುವುದಿಲ್ಲ, ನಟ್ಟು ತಿರುಗಿಸುವವನಿಗೆ ಮೇಲೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಒಬ್ಬ ಹೇಳಬೇಕು, ಒಬ್ಬ ಮಾಡಬೇಕು. ಅಮ್ಮನಿಗೆ ಇದು ಗೊತ್ತಿತ್ತೋ ಇಲ್ಲವೋ ನಾನು ಕಾಣೆ.

ತಮ್ಮ ಮೇಲೆ ಇಣುಕಿದ. ಅಣ್ಣ ಕೆಳಗೆ ಕುಕ್ಕರಗಾಲಲ್ಲಿ ಕೂತ.

"ಬಲಗಡೆ ನಟ್ಟು ಅರ್ಧ ಸುತ್ತು ಬಿಗಿ ಮಾಡ್ಬೇಕು ಅಂತ ಹೇಳಕ್ಕ," ಎಂದ ತಮ್ಮ, ನನಗೆ.

ಅಣ್ಣ ಎರಡೇ ಹೆಜ್ಜೆ ದೂರದಲ್ಲಿದ್ದ. ಕಿವಿ ಎರಡೂ ನೆಟ್ಟಗಿವೆ. ಆದರೂ ನಾನು ಅದೇ ಮಾತನ್ನು ಮತ್ತೆ ಹೇಳುವವರೆಗೂ ಅವನ ಬೆರಳು ಅಲುಗಲಿಲ್ಲ. ತಿರುಗಿಸಿ, "ಆಯ್ತಾ ಅಂತ ಕೇಳು" ಎಂದ. ಕೇಳಿದೆ. "ಜಾಸ್ತಿ ಆಯ್ತು ಅಂತ ಹೇಳು." ಹೇಳಿದೆ. ಹೀಗೇ ಎಷ್ಟೋ ಹೊತ್ತು ನಡೆಯಿತು. ನನಗೆ ತಲೆ ಕೆಟ್ಟುಹೋಯಿತು.

"ನಾನೇನು ನಿಮ್ಮ ಟೆಲಿಫೋನ್ ಕಂಬಾನಾ? ಒಲೆ ಮೇಲೆ ಹಾಲಿದೆ ನಂಗೆ," ಎಂದು ಅಡುಗೆಮನೆಗೆ ಬಂದುಬಿಟ್ಟೆ.

ಹಿತ್ತಲಲ್ಲಿ ಸದ್ದೇ ಇಲ್ಲ. ಎದ್ದು ಹೋದರೇನೋ ಎಂದು ಕಿಟಕಿಯಲ್ಲಿ ಬಗ್ಗಿ ನೋಡುವಷ್ಟರಲ್ಲಿ ತಮ್ಮನ ದನಿ ಕೇಳಿಸಿತು.

"ಎಡಕ್ಕಲ್ಲ."

"ಯಾವ ಎಡ? ನಿನ್ನ ಎಡಾನೋ, ನನ್ನ ಎಡಾನೋ?"

"ನಿನ್ನ ಎಡ ಕಣೋ. ನಿಧಾನ. ನಿಧಾನ ಅಂದ್ನಲ್ಲ. ಇದು ಬಸ್ ಚಕ್ರ ಅಲ್ಲ."

ನಾನು ಅಮ್ಮನ ಕೋಣೆಗೆ ಓಡಿದೆ. ಅವಳಾಗಲೇ ದಿಂಬಿನಿಂದ ತಲೆಯೆತ್ತಿ, ಬಾಗಿಲ ಕಡೆ ಕಿವಿಯಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಸುಮ್ಮನಿರು ಎಂದು ಕೈ ಮಾಡಿದಳು. ಹೊರಗೆ ಅಣ್ಣ ಏನೋ ಅಂದ, ತಮ್ಮ ನಕ್ಕ. ಅಮ್ಮನ ಕಣ್ಣಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ.

ಬಿಸಿಲಿಳಿಯುವ ಹೊತ್ತಿಗೆ ಎಲ್ಲ ಸರಿಹೋಯಿತು. ದೂರದ ನೀರಿನ ಟ್ಯಾಂಕು ತಲೆಕೆಳಗಾಗಿ, ಅದರ ಏಣಿಯ ತುಕ್ಕಿನ ಸಮೇತ ಕಂಡಿತು. ಅಣ್ಣ ಮೂರೂ ನಟ್ಟುಗಳನ್ನು ಮೈಯ ಬಲವೆಲ್ಲ ಹಾಕಿ ಬಿಗಿದ. "ಇನ್ನು ಆನೆ ಒದ್ದರೂ ಅಲ್ಲಾಡಲ್ಲ," ಎಂದ. ಆಮೇಲೆ ಗಡಿಯಾರ ನೋಡಿಕೊಂಡು, "ಅಮ್ಮಂಗೆ ತೋರಿಸಿ ಹೊರಡ್ತೀನಿ, ಬೆಳಿಗ್ಗೆ ಪಾಳಿ ಇದೆ" ಎಂದ. ತಮ್ಮನೂ ಚಪ್ಪಲಿ ಹುಡುಕತೊಡಗಿದ. ಅರ್ಧ ಚಂದ್ರ ಆಗಲೇ ನೆತ್ತಿಯ ಮೇಲಿದ್ದ.

"ಮುಗೀತು, ಏಳು," ಎಂದು ಅಮ್ಮನನ್ನು ಎಬ್ಬಿಸಲು ಹೋದೆ.

"ಇಷ್ಟು ಬೇಗ ಮುಗೀತಾ?" ಅಂದಳು. "ನಾನು ನೋಡಿದ ತಕ್ಷಣ ಹೊರಟುಬಿಡ್ತಾರಾ?"

"ಮತ್ತೆ ಇಲ್ಲೇ ಬೇರು ಬಿಡ್ತಾರಾ?"

ಅವಳು ಮತ್ತೆ ದಿಂಬಿಗೆ ತಲೆಯಿಟ್ಟಳು. "ಸುಸ್ತಾಗ್ತಿದೆ. ಒಂದು ಗಳಿಗೆ ಮಲಗ್ತೀನಿ. ನೀನು ಅವರಿಗೆ ಟೀ ಕೊಡು," ಅಂದಳು.

ಮುಂದಿನ ಕೋಣೆಯಲ್ಲಿ ಇಬ್ಬರೂ ಕೂತು ಟೀ ಕುಡಿದರು. ಮಾತು ಹೆಚ್ಚಿರಲಿಲ್ಲ, ಆದರೆ ಇತ್ತು. ನಡುವೆ ತಮ್ಮ ಒಮ್ಮೆ ಎದ್ದು, ಧೂಳು ಬೀಳದಿರಲೆಂದು ಕೊಳವೆಯ ಬಾಯಿಗೆ ಬಟ್ಟೆ ಹೊದೆಸಿ ಬಂದ. ಲೋಟ ಕೆಳಗಿಟ್ಟು ಮೂವರೂ ಹಿತ್ತಲಿಗೆ ಹೋದೆವು. ಅಣ್ಣ ಕೊಳವೆಯನ್ನು ಚಂದ್ರನ ಕಡೆ ತಿರುಗಿಸಿ ಕಣ್ಣಿಟ್ಟ. ತೆಗೆದ. ಮತ್ತೆ ಇಟ್ಟ.

"ಯಾರು ಮುಟ್ಟಿದ್ದು ಇದನ್ನ?"

ಬಗ್ಗಿ ನೋಡಿದೆವು. ಎರಡು ನಟ್ಟು ಪೂರ್ತಿ ಸಡಿಲವಾಗಿ, ದೊಡ್ಡ ಕನ್ನಡಿ ಒಂದು ಪಕ್ಕಕ್ಕೆ ವಾಲಿಕೊಂಡಿತ್ತು. ಅಣ್ಣ ತಮ್ಮನ ಕಡೆ ತಿರುಗಿದ. ಆ ಮುಖವನ್ನು ನಾನು ಅಪ್ಪ ಹೋದ ದಿನ ಒಮ್ಮೆ ನೋಡಿದ್ದೆ.

"ಬಂದಿದ್ದು ನೀನೊಬ್ನೇ."

"ಬಟ್ಟೆ ಹೊದಿಸೋಕೆ ಬಂದಿದ್ದೆ."

"ನಾನು ಬಿಗಿದ ನಟ್ಟು ತಾನಾಗೇ ಬಿಚ್ಚಿಕೊಳ್ತಾ? ಕನ್ನಡಿ ಬಿಟ್ಟು ಹೋಗೋಕೆ ಮನಸ್ಸಾಗಲಿಲ್ಲ ಅಲ್ವಾ? ಇಲ್ಲಿ ಕೆಲಸ ಕೆಡಿಸಿ ನಾಳೆ ಹೊತ್ಕೊಂಡು ಹೋಗೋಣ ಅಂತ."

"ನೀನು ಬಿಗಿದಿದ್ದು ಯಾರು ನೋಡಿದ್ರು? ಬಿಗಿದ ಹಾಗೆ ಮಾಡಿ ಸಡಿಲ ಬಿಟ್ಟಿರ್ತೀಯ, ಆಮೇಲೆ ನನ್ನ ತಲೆಗೆ ಕಟ್ಟೋಕೆ."

ಅಲ್ಲಿಂದ ಶುರುವಾದದ್ದು ಆಸ್ಪತ್ರೆಗೆ ಹೋಯಿತು, ಅಪ್ಪನ ಅಂಗಡಿಗೆ ಹೋಯಿತು, ಹೆಂಡತಿಯರವರೆಗೂ ಹೋಯಿತು. ನಾನು ನಡುವೆ ನಿಂತು ಕೂಗಾಡಿದೆ. ಜಗಳಕ್ಕೆ ಮೂರನೆಯ ದನಿ ಸೇರಿತೇ ಹೊರತು ನನ್ನ ಮಾತು ಯಾರಿಗೂ ಕೇಳಲಿಲ್ಲ.

"ನಾನು ತಿರುಗಿಸಿದ್ದು."

ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ತಾನಾಗಿ ಎದ್ದು ನಿಂತು ವಾರಗಳೇ ಆಗಿದ್ದವು. "ನಾನೇ ಕಣ್ರೋ. ಅವನಲ್ಲ, ಇವನೂ ಅಲ್ಲ," ಅಂದಳು.

ಅಣ್ಣ ಅವಳ ಕಡೆ ನೋಡಿದ. ಸಿಟ್ಟು ಕೂಡ ಇರಲಿಲ್ಲ, ಬೇಸರವಿತ್ತು. "ಸಾಕಮ್ಮ. ಕಿಟಕಿ ಒಡೆದಾಗ್ಲೂ ನೀನೇ, ಆಸ್ಪತ್ರೆಗೆ ಬರಬೇಡ ಅಂದಿದ್ದೂ ನೀನೇ. ಇವನು ನಾಳೆ ಕೊಲೆ ಮಾಡಿ ಬಂದ್ರೂ ನಾನೇ ಮಾಡಿದ್ದು ಅಂತೀಯ. ನಿಂಗೆ ಲೋಟ ಹಿಡಿಯೋಕೆ ಶಕ್ತಿ ಇಲ್ಲ, ನಾನು ಬಿಗಿದ ನಟ್ಟು ಬಿಚ್ತೀಯಾ?"

ತಮ್ಮ ಅಮ್ಮನ ಕಡೆ ತಿರುಗಿದ. "ಹಾಗಾದ್ರೆ ನೀನೂ ನಾನೇ ಮಾಡಿದೆ ಅಂತ ಅಂದ್ಕೊಂಡ್ಯಲ್ಲಮ್ಮ," ಎಂದ. "ಅದಕ್ಕೇ ತಾನೇ ಅಡ್ಡ ಬಂದಿದ್ದು."

ಅವನು ಕೂತು ಮೂರನೆಯ ನಟ್ಟನ್ನೂ ಬಿಚ್ಚಿ, ಕನ್ನಡಿಯನ್ನು ಹತ್ತಿಯಲ್ಲಿ ಸುತ್ತಿಕೊಂಡು ಹೊರಟುಹೋದ. ಅಣ್ಣ ಬರಿ ಪೈಪನ್ನು ಹೆಗಲಿಗೇರಿಸಿದ. ಗೇಟು ಎರಡು ಸಲ ಬಡಿಯಿತು. ಅಮ್ಮ ಚೌಕಟ್ಟು ಹಿಡಿದೇ ಕೆಳಗೆ ಕುಸಿದಳು.

ಮಂಚದ ಮೇಲೆ ಮಲಗಿಸಿದ ಮೇಲೆ ಅವಳ ಮೇಲೆ ಎಂಥ ಸಿಟ್ಟು ಬಂತೆಂದರೆ ನನಗೆ ಅಳು ತಡೆಯಲಾಗಲಿಲ್ಲ. "ನಿಜ ಹೇಳು. ನೀನೇನಾ?" ಎಂದೆ.

ಬಲಗೈ ಹೆಬ್ಬೆರಳು ತೋರಿಸಿದಳು. ಉಗುರು ಅರ್ಧ ಕಿತ್ತು ಎದ್ದಿತ್ತು, ಕೆಳಗೆ ರಕ್ತ ಕಟ್ಟಿತ್ತು. ಗೋಡೆ ಹಿಡಿದುಕೊಂಡು ಹೋಗಿ, ನೆಲದ ಮೇಲೆ ಕೂತು, ಎರಡೂ ಕೈ ಹಾಕಿ ತಿರುಗಿಸಿದಳಂತೆ. ಮೂರನೆಯದು ಆಗಲಿಲ್ಲವಂತೆ.

"ಯಾಕೆ ಮಾಡ್ದೆ?"

"ಮುಗಿದುಹೋದ್ರೆ ಮತ್ತೆ ಯಾಕೆ ಬರ್ತಾರೆ ಹೇಳು. ಕೆಟ್ಟಿದ್ರೆ ಸರಿ ಮಾಡೋಕೆ ಮುಂದಿನ ಭಾನುವಾರಾನೂ ಬರ್ತಾರೆ. ಹಾಗೇ ಇನ್ನೊಂದೆರಡು ಭಾನುವಾರ ಎಳೆಯೋಣ ಅಂದ್ಕೊಂಡೆ."

ಅಲ್ಲಿಯೇ ಕೂತು ಇಬ್ಬರಿಗೂ ಫೋನು ಮಾಡಿದೆ. ಉಗುರಿನ ವಿಷಯ ಹೇಳಿದೆ, ಬೇಕಾದರೆ ಬಂದು ಕಣ್ಣಾರೆ ನೋಡಿ ಎಂದೆ. ಅಣ್ಣ, "ನೀನೂ ಅವಳ ಜೊತೆ ಸೇರ್ಕೊಂಡ್ಯಾ? ಅಮ್ಮ ಸುಳ್ಳು ಹೇಳ್ತಿದಾಳೆ" ಅಂದ. ತಮ್ಮ, "ಬಿಡಕ್ಕ, ಅಮ್ಮ ಸುಳ್ಳು ಹೇಳ್ತಿದಾಳೆ" ಅಂದ.

ಅಮ್ಮ ಮಲಗಿದಲ್ಲಿಂದಲೇ ಏನಂದರು ಎಂದು ಕೇಳಿದಳು. ನನಗೆ ನಯವಾಗಿ ಹೇಳಲು ಬರುವುದಿಲ್ಲ, ಇದ್ದದ್ದನ್ನೇ ಹೇಳಿದೆ. ಅವಳು ನಕ್ಕಳು. ನಕ್ಕದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನರಳಿದಳು. "ಇಷ್ಟು ವರ್ಷ ಆದ್ಮೇಲೆ ಇಬ್ರೂ ಒಂದು ಮಾತಿಗೆ ಬಂದ್ರಲ್ಲ," ಅಂದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ಆ ವಾರವಿಡೀ ಗೇಟಿನ ಸದ್ದಾದಾಗಲೆಲ್ಲ ಅವಳ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ಹಾಲಿನವನು ಬರುತ್ತಿದ್ದ, ಪೇಪರಿನವನು ಬರುತ್ತಿದ್ದ. ಶನಿವಾರ ಸಂಜೆ ಉಸಿರು ನಿಂತಿತು. ಸುದ್ದಿ ಮುಟ್ಟಿಸಿದೆ. ಭಾನುವಾರ ಬೆಳಿಗ್ಗೆ ಇಬ್ಬರೂ ಬಂದರು.

ಒಬ್ಬ ಮಂಚದ ಈ ಪಕ್ಕ ನಿಂತ, ಇನ್ನೊಬ್ಬ ಆ ಪಕ್ಕ. ತಮ್ಮ ಬಿಕ್ಕುತ್ತಿದ್ದ. ಅಣ್ಣ ನೆಲ ನೋಡುತ್ತಿದ್ದ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಮ್ಮನ ಕೈ ಎತ್ತಿ ತೋರಿಸಬೇಕೆಂದಿದ್ದೆ, ಆದರೆ ಸೆಟೆದುಹೋಗಿತ್ತು. ಹೊದಿಕೆಯನ್ನೇ ಸರಿಸಿ, "ನೋಡಿ," ಎಂದೆ. "ಕಣ್ಣು ಬಿಟ್ಟು ಚೆನ್ನಾಗಿ ನೋಡಿ ಇಬ್ರೂ."

ಇಬ್ಬರೂ ಬಗ್ಗಿದರು. ಹೆಬ್ಬೆರಳಿನ ಉಗುರು ಪೂರ್ತಿ ಕಪ್ಪಾಗಿತ್ತು. ತಮ್ಮನ ಬಿಕ್ಕು ನಿಂತಿತು. ಅಣ್ಣ ಆ ಬೆರಳನ್ನು ಮುಟ್ಟಿದ.

"ನಾನೇ ಅಷ್ಟು ಬಿಗಿ ಮಾಡಿದ್ದೆ," ಎಂದ.

ಯಾರಿಗೆ ಹೇಳಿದನೋ ತಿಳಿಯಲಿಲ್ಲ. ತಮ್ಮ ಹೊದಿಕೆ ಎಳೆದು ಅವಳ ಕೈ ಮುಚ್ಚಿದ.