ಹಡಗಿನವನ ನಮಸ್ಕಾರ

ಕೆರಿಯಮ್ಮ ಬಗ್ಗಿದ್ದಳಷ್ಟೆ, ಪಕ್ಕದ ಮನೆಯ ಯಮುನಮ್ಮ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು.

"ಎಂತ ಮಾಡ್ತೀಯಕ್ಕ! ಚಿಕ್ಕೋನ ಕಾಲು ನೀನು ಮುಟ್ಟಬಾರ್ದು. ಹೋಗೋ ಜೀವಕ್ಕೆ ಪಾಪ ಸುತ್ಕೊಳ್ಳುತ್ತೆ."

ಶಾಸ್ತ್ರ ಹೇಳುವುದರಲ್ಲಿ ಯಮುನಮ್ಮ ಎತ್ತಿದ ಕೈ. ಹೊಸನಗರದಲ್ಲಿ ಬಸ್ಸು ನಿಲ್ಲುವಲ್ಲಿ ಹೋಟ್ಲು ಇಟ್ಟಿದ್ದ ಬೆಳ್ಳಪ್ಪ ಚಾಪೆಯ ಮೇಲೆ ಹೆಣವಾಗಿ ಮಲಗಿದ್ದ. ಅವನ ಕೈಯ ಕಾಫಿ ಕುಡಿದ ಚಿಕ್ಕವರೆಲ್ಲ, ಬಸ್ಸಿನ ಕಂಡಕ್ಟರನಿಂದ ಹಿಡಿದು ಕಚೇರಿಯ ಜವಾನನವರೆಗೆ, ಕಾಲು ಮುಟ್ಟಿ ಹೋಗುತ್ತಿದ್ದರು. ಸಾಗರದಿಂದ ಮೊದಲ ಬಸ್ಸಿಗೆ ಓಡಿಬಂದ ಒಡಹುಟ್ಟಿದ ಅಕ್ಕ ಕೆರಿಯಮ್ಮನಿಗೆ ಮಾತ್ರ ಮಾಡಲು ಏನೂ ಇಲ್ಲ.

"ಒಂದ್ಸಲ ಕೊಟ್ಟಿದ್ರೆ ನನ್ನ ಗಂಟೇನು ಹೋಗ್ತಿತ್ತು?" ಎಂದು ಗೊಣಗಿದಳು.

"ಎಂತ ಕೊಟ್ಟಿದ್ರೆ ಅತ್ತಿಗೆ?" ಬೆಳ್ಳಪ್ಪನ ಹೆಂಡತಿ ಹುಲಿಯಮ್ಮ ಕೇಳಿದಳು.

"ಕೈ ಕಣೆ. ಕೈ."

*

ಬೆಳ್ಳಪ್ಪ ಹತ್ತೊಂಬತ್ತನೇ ವಯಸ್ಸಿಗೆ ಹೇಳದೆ ಕೇಳದೆ ಮಂಗಳೂರಿಗೆ ಓಡಿ, ಹಡಗಿನಲ್ಲಿ ಅಡಿಗೆಗೆ ನಿಂತು, ಏಳು ವರ್ಷಕ್ಕೆ ತಿರುಗಿ ಬಂದಿದ್ದ ಭೂಪ. ಅಷ್ಟರಲ್ಲಿ ಅವ್ವ ದಾರಿ ಕಾದೂ ಕಾದೂ ಕಣ್ಣು ಮುಚ್ಚಿದ್ದಳು. ಅಕ್ಕನ ಜಗಲಿ ಹತ್ತಿದವನು ಕಾಲಿಗೆ ಬೀಳದೆ, ಅವಳ ಬಲಗೈ ಹಿಡಿದು ತನ್ನ ಹಣೆಯತ್ತ ಎತ್ತಿದ. ಕೆರಿಯಮ್ಮ ಕಿತ್ತುಕೊಂಡಳು.

"ಕಾಲಿಗೆ ಬೀಳಕ್ಕೂ ಬೆನ್ನು ಬಗ್ಗಲ್ವೇನೋ?"

"ಇದೂ ನಮಸ್ಕಾರನೇ ಕಣಕ್ಕ. ಮನಿಲಾ ಅಂತ ಊರು. ಜ್ವರ ಬಂದು ಮಲಗಿದ್ದೆ, ಹಡಗು ಬಿಟ್ಟು ಹೋಯ್ತು. ಒಬ್ಳು ಅಜ್ಜಿ ಗಂಜಿ ಹಾಕಿ ಉಳಿಸಿದ್ಳು. ದಿನಾ ಸಂಜೆ ಮೊಮ್ಮಕ್ಳು ‘ಮಾನೊ ಪೊ’ ಅಂತ ಅವಳ ಕೈ ಹಿಡಿದು, ಹಿಂಗೈನ ಹಣೆಗೆ ಒತ್ಕೊಳ್ಳೋವು. ದೊಡ್ಡೋರು ಕೈ ಕೊಟ್ರೆ ಆಶೀರ್ವಾದ ಕೊಟ್ಟಂಗೆ. ಒಂದಿನ ಅಜ್ಜಿ ತಾನಾಗೇ ನನ್ ಕಡೆ ಕೈ ಚಾಚಿದ್ಳು. ಅವ್ವ ನೆನಪಾಗಿ ಅತ್ತುಬಿಟ್ಟೆ."

"ಅವ್ವನ್ನ ಕೊರಗಿಸಿ ಕಳಿಸಿದೋನಿಗೆ ಆಶೀರ್ವಾದ ಬೇರೆ ಕೇಡು!"

ಸಿಟ್ಟು ಎರಡು ಮಳೆಗಾಲಕ್ಕೆ ಇಳಿಯಿತು. ಆಟ ಉಳಿಯಿತು. ಪ್ರತಿ ಗೌರಿಹಬ್ಬಕ್ಕೆ ಬಾಗಿನ ತಂದು, ಲಕ್ಷಣವಾಗಿ ಕಾಲಿಗೂ ಬಿದ್ದು, ಆಮೇಲೆ ನಗುತ್ತಾ ಅಂಗೈ ಚಾಚುವನು. ಅವಳು ಕೈಯನ್ನು ಸೆರಗಿನಡಿ ಬಚ್ಚಿಟ್ಟು, "ಹೋಗೋ ಹಡಗಿನೋನೇ, ಮುಂದಿನ ವರ್ಷ ನೋಡಣ" ಎನ್ನುವಳು. ಇಪ್ಪತ್ತು ವರ್ಷ ಇಬ್ಬರಿಗೂ ಅದೇ ಹಬ್ಬವಾಗಿತ್ತು.

ಹೋದ ಗೌರಿಗೆ ಅವನು ಕೇಳಲಿಲ್ಲ. ಕೆಮ್ಮುತ್ತಾ ಕೂತಿದ್ದ. ಅವಳು ಕೈಯನ್ನು ಸೆರಗಿನಿಂದ ಹೊರಗಿಟ್ಟುಕೊಂಡೇ ಕಾದಳು. ತಾನಾಗಿ ಚಾಚಲು ನಾಚಿಕೆಯಾಯಿತು.

*

"ಹೊತ್ತಾಯ್ತು, ಎತ್ರಪ್ಪ" ಎಂದರು ಹೊರಗಿನಿಂದ.

"ತಡೀರಿ." ಕೆರಿಯಮ್ಮ ತಮ್ಮನ ತಲೆಯ ಹತ್ತಿರ ಕೂತಳು.

"ಅಕ್ಕಾ, ಶಾಸ್ತ್ರ..." ಎಂದಳು ಯಮುನಮ್ಮ.

"ಸುಮ್ನಿರೇ. ಇದು ದೊಡ್ಡೋರು ಚಿಕ್ಕೋರಿಗೆ ಕೊಡೋದು."

ಬಳೆಗಳನ್ನು ಹಿಂದಕ್ಕೆ ಸರಿಸಿ, ಬಲಗೈಯ ಹಿಂಗೈಯನ್ನು ಅವನ ಹಣೆಗೆ ಒತ್ತಿದಳು. ಹಣೆ ತಣ್ಣಗಿತ್ತು.

"ತಗಳೋ ಹಡಗಿನೋನೇ" ಎಂದಳು. "ತಡ ಮಾಡ್ದೆ ಕಣೋ."

ಅವನನ್ನು ಹೊತ್ತು ಚಟ್ಟ ಎದ್ದಿತು. ಅವನ ಹಣೆಯ ವಿಭೂತಿ ಅವಳ ಹಿಂಗೈಗೆ ಅಂಟಿತ್ತು. ಕಣ್ಣೊರೆಸಿಕೊಳ್ಳಲು ಕೆರಿಯಮ್ಮ ಎಡಗೈ ಎತ್ತಿದಳು.