ಸುಣ್ಣ ಒಣಗುವವರೆಗೆ

“ಬಳಿಯೋ, ಬೋಳಿಮಗನೆ! ಕಣ್ಣು ಇನ್ನೂ ಕಾಣ್ತಾ ಅವೆ. ಇನ್ನೊಂದ್ಸಲ ಬಳಿ!”

ಚೇರ್ಮನ್ ತೋಂಟದಾರ್ಯಪ್ಪ ಚಾವಡಿ ಕಟ್ಟೆಯ ಮೇಲೆ ಕುಳಿತು ಕೂಗುತ್ತಿದ್ದ. ನನ್ನ ತಮ್ಮ ಮಾಯಣ್ಣ ಸುಣ್ಣದ ಬಕೆಟ್ಟಿಗೆ ಮತ್ತೆ ಕುಂಚ ಅದ್ದಿದ. ಗೋಡೆಯ ಚಿತ್ರದಲ್ಲಿದ್ದವಳು ಅವನ ಮಗಳು ಹೊಂಬಾಳಿ. ಅವಳನ್ನು ಮಣ್ಣು ಮಾಡಿ ಇನ್ನೂ ತಿಥಿ ಆಗಿರಲಿಲ್ಲ. ಹೆತ್ತವನ ಕೈಯಿಂದಲೇ ಎರಡನೇ ಸಲ ಮುಚ್ಚಿಸುತ್ತಿದ್ದರಲ್ಲ, ಇವರ ವಂಶಕ್ಕೆ ಬೆಂಕಿ ಬೀಳ!

ಚಿತ್ರ ಬರೆದವನು ತಿಪಟೂರಿನ ಕರೀಂ ಸಾಬ್. ವಾಂತಿಭೇದಿ ತಡೆಯುವುದು ಹೇಗೆಂದು ಓದು ಬಾರದವರಿಗೂ ತಿಳಿಯಲಿ ಅಂತ ಸರ್ಕಾರದವರು ಕಳಿಸಿದ್ದರು. ಊರ ಬಾವಿಯ ಎದುರಿನ ಚಾವಡಿ ಗೋಡೆಯ ಮೇಲೆ, ಬಾವಿ ನೀರು ಸೇದುವುದು, ಕುದಿಸುವುದು, ಮುಚ್ಚಿಡುವುದು, ಕುಡಿಯುವುದು, ಎಲ್ಲವನ್ನೂ ಸಾಲಾಗಿ ಬರೆದ. “ಅಕ್ಷರ ಯಾಕಮ್ಮಾ? ಗುರ್ತಿನ ಮೊಕ ಇದ್ರೆ ಜನ ತಾವೇ ನಿಂತು ನೋಡ್ತಾರೆ,” ಎಂದು ನಗುತ್ತ, ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಹೊಂಬಾಳಿಯ ಮುಖವನ್ನೇ ಚಿತ್ರದ ಹುಡುಗಿಗೆ ತೀಡಿ ಸಂಜೆಯ ಬಸ್ಸು ಹತ್ತಿದ. ಪುಣ್ಯಾತ್ಮ! ಆ ಬಾವಿಯ ಹಗ್ಗವನ್ನು ಹಟ್ಟಿಯವರಾದ ನಾವು ಮುಟ್ಟಬಾರದೆಂದು ಅವನಿಗೆ ಯಾರು ಹೇಳಿದ್ದರು?

“ಅತ್ತೆ, ಬಾ, ನಾನು ನೀರು ಸೇದ್ತಾ ಇವ್ನಿ ನೋಡು,” ಎಂದು ಹುಡುಗಿ ನನ್ನ ಸೆರಗು ಜಗ್ಗಿದ್ದಳು. ನಮಗಿದ್ದದ್ದು ತೆಂಗಿನಕಾಯಿ ಮಟ್ಟೆ ಕೊಳೆಹಾಕುವ ಕುಂಟೆಯ ನೀರು. ಅದನ್ನಾದರೂ ಕುದಿಸೋಣವೆಂದು ಅವಳವ್ವ ಭೂತಮ್ಮ ಚೇರ್ಮನ್ನನ ತೋಟದಲ್ಲಿ ಬಿದ್ದ ತೆಂಗಿನ ಗರಿ ಉರುವಲಿಗೆಂದು ಆಯ್ದರೆ, ಅವನ ಆಳು ಕಳ್ಳಿ ಅಂತ ಕಿತ್ತುಕೊಂಡ. ಆ ವಾರವೇ ಹುಡುಗಿ ವಾಂತಿಭೇದಿಯಾಗಿ ಹಾಸಿಗೆ ಹಿಡಿದಳು. “ಗ್ವಾಡೇಲಿರೋ ನೀರು ಕೊಡವ್ವ,” ಎಂದು ಕನವರಿಸುತ್ತಲೇ ಹೋದಳು.

ಅವಳು ಬದುಕಿದ್ದಾಗ ಸರ್ಕಾರದ ಚಿತ್ರವೆಂದು ಊರವರು ಹಲ್ಲು ಕಚ್ಚಿ ಸುಮ್ಮನಿದ್ದರು. ಸತ್ತ ಮೇಲೆ ಅವರ ಹೆಂಗಸರು ಚೇರ್ಮನ್ನನ ಬಾಗಿಲಿಗೆ ಹೋದರು. “ಸತ್ತೋದೋಳು ದಿನಾ ನಮ್ ಹಗ್ಗ ಹಿಡ್ಕೊಂಡು ನಮ್ಮನ್ನೇ ನೋಡ್ತಾಳೆ ಕಣ್ರೀ. ನೀರು ಗಂಟ್ಲಲ್ಲಿ ಇಳಿಯಾಕಿಲ್ಲ.”

ಹಸಿ ಸುಣ್ಣದೊಳಗಿಂದ ಹೊಂಬಾಳಿ ಈಗಲೂ ನೋಡುತ್ತಲೇ ಇದ್ದಳು.

“ಸುಣ್ಣ ಹಸಿ ಐತೆ ಬುದ್ಧಿ,” ಎಂದ ಮಾಯಣ್ಣ. “ಒಣಗಿದ್ರೆ ಹೋಯ್ತಾಳೆ.”



ಬಿಸಿಲೇರಿತು. ಮೊದಲು ಲಂಗ ಮಾಸಿತು. ಆಮೇಲೆ ಹಗ್ಗ ಹಿಡಿದ ಕೈ. ಕೊನೆಗೆ ಕಣ್ಣೂ ಹೋದವು. ಭೂತಮ್ಮ ಕುಕ್ಕರಗಾಲಲ್ಲಿ ಕೂತು ರೆಪ್ಪೆ ಬಡಿಯದೆ ನೋಡಿದಳು.

“ಪೀಡೆ ತೊಲಗ್ತು,” ಎಂದು ಚೇರ್ಮನ್ ಎಲೆಅಡಿಕೆ ಉಗಿದ.

ಭೂತಮ್ಮ ಎದ್ದಳು. ನೇರ ಬಾವಿಕಟ್ಟೆ ಹತ್ತಿ, ನೀರಿಗೆ ಬಂದಿದ್ದವಳೊಬ್ಬಳ ಕೊಡ ಕಿತ್ತುಕೊಂಡು ಹಗ್ಗಕ್ಕೆ ಬಿಗಿದು ಬಾವಿಗೆ ಬಿಟ್ಟಳು.

“ಲೇ, ಮುಟ್ಬೇಡ ಕಣೇ ಮುಂಡೆ!” ಎಂದು ಚೇರ್ಮನ್ ಅರಚಿದ.

“ಮುಟ್ಟಾಯ್ತು ಕಣೋ! ನನ್ ಕೂಸು ಬಾಯಾರಿ ಸತ್ತೈತೆ. ಬಾ, ಕೈ ಕಡಿ.”

ಆಳುಗಳು ಓಡಿ ಬರುವಷ್ಟರಲ್ಲಿ ತುಂಬಿದ ಕೊಡವನ್ನು ಗೋಡೆಗೆ ಎರಚಿದ್ದಳು. ಒಣಗಿದ ಸುಣ್ಣ ತೊಯ್ದು ಮತ್ತೆ ತೆಳುವಾಯಿತು. ಅದರೊಳಗಿಂದ ಮೊದಲು ಕಣ್ಣು ಮೂಡಿತು, ಆಮೇಲೆ ಬಾಯಿ, ಆಮೇಲೆ ಕೈ. ಹೊಂಬಾಳಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಊರ ಹೆಂಗಸರು ಕಿಟಾರನೆ ಕಿರುಚಿ ಓಡಿದರು.

ಭೂತಮ್ಮನ ಬೆನ್ನಿಗೆ ದೊಣ್ಣೆ ಬಿತ್ತು. ಅವಳು ಮತ್ತೆ ಕೊಡ ಬಾವಿಗೆ ಬಿಟ್ಟಳು. ಬಿಸಿಲಿಗೆ ಗೋಡೆ ಆಗಲೇ ಅಂಚಿನಿಂದ ಬೆಳ್ಳಗಾಗತೊಡಗಿತ್ತು. ಮಾಯಣ್ಣ ಸುಣ್ಣದ ಬಕೆಟ್ಟನ್ನು ಒದ್ದು ಬಂದ. ನಾನೂ ಕಟ್ಟೆ ಹತ್ತಿ ಅವಳ ಜೊತೆ ಹಗ್ಗ ಹಿಡಿದು ಸೇದಿದೆ.