ಫ್ರಿಜ್ಜಿಗೂ ಒಂದು ಮೈಕು

ಫ್ರಿಜ್ ರಿಪೇರಿಯವನಿಗೆ ರಾಕ್ ಸಂಗೀತವೆಂದರೆ ಅಷ್ಟಕ್ಕಷ್ಟೇ. ಅಕ್ಕನ ಮಗಳು ಡ್ರಮ್ಸ್ ಬಾರಿಸುತ್ತಾಳೆ, ಹೋಗದಿದ್ದರೆ ಅಕ್ಕ ಸುಮ್ಮನೆ ಬಿಡುವುದಿಲ್ಲ ಎಂದು ಭಾನುವಾರ ಮಧ್ಯಾಹ್ನ ಪುಸ್ತಕದಂಗಡಿಯ ನೆಲಮಾಳಿಗೆಗೆ ಇಳಿದು ಮುಂದಿನ ಸಾಲಿನಲ್ಲಿ ಕೂತಿದ್ದ. ನಲವತ್ತು ಕುರ್ಚಿ ಹಾಕಿದರೆ ಉಸಿರಾಡಲೂ ಜಾಗವಿಲ್ಲದ ಕೋಣೆ. ವೇದಿಕೆಯ ಮೇಲೆ ಗಿಟಾರು, ಡ್ರಮ್ಸು, ಜೊತೆಗೊಂದು ಹಳೆಯ ಫ್ರಿಜ್ಜು. ಅದಕ್ಕೂ ಒಂದು ಮೈಕು!

ಅವನ ಕಿವಿ ನೆಟ್ಟಗಾಯಿತು. ಗಿಟಾರು ಎಷ್ಟೇ ಕಿರುಚಿದರೂ ಅವನಿಗೆ ಕೇಳಿಸುತ್ತಿದ್ದುದು ಫ್ರಿಜ್ಜಿನ ಗಡಗಡ ಒಂದೇ. ಹಿಂದಿನ ಎಡಗಾಲು ನೆಲಕ್ಕೆ ಸರಿಯಾಗಿ ಕೂತಿಲ್ಲ. ಇಷ್ಟು ಜನರ ಮುಂದೆ ಹುಡುಗಿಯ ಮಾನ ಹೋಗುತ್ತದಲ್ಲ! ತಡೆಯಲಾರದೆ ಬಗ್ಗಿಕೊಂಡು ಹೋಗಿ, ಟಿಕೆಟ್ಟನ್ನು ನಾಲ್ಕಾಗಿ ಮಡಿಸಿ ಆ ಕಾಲಿನ ಕೆಳಗೆ ತುರುಕಿದ. ಗಡಗಡ ನಿಂತಿತು. ಅದರ ಹಿಂದೆಯೇ ಇಡೀ ಬ್ಯಾಂಡೂ ನಿಂತಿತು.

"ಮಾಮಾ, ಏನ್ ಮಾಡ್ಬಿಟ್ಟೆ! ನಾವೆಲ್ಲ ಅದರ ತಾಳಕ್ಕೇ ನುಡಿಸ್ತಿದ್ವಿ. ಆ ಸದ್ದು ಹುಡುಕೋಕೆ ಮೂರು ತಿಂಗಳು ಒದ್ದಾಡಿದೀವಿ!"

ಜನ ಗೊಳ್ಳೆಂದು ನಕ್ಕರು. ಅವನು ನಗಲಿಲ್ಲ. ಮೂವತ್ತು ವರ್ಷ ತಾನು ಮನೆಮನೆಗೆ ಹೋಗಿ ಬಾಯಿ ಮುಚ್ಚಿಸಿ ಬಂದ ಸದ್ದಿಗೆ ಇವರು ಟಿಕೆಟ್ ಇಟ್ಟಿದ್ದಾರೆ! ಮಡಿಸಿದ ಟಿಕೆಟ್ಟನ್ನು ಹೊರಗೆಳೆದ. ಗಡಗಡ ಮತ್ತೆ ಶುರುವಾಯಿತು. ಆದರೆ ಅವನು ಕುರ್ಚಿಗೆ ಮರಳಲಿಲ್ಲ. ಫ್ರಿಜ್ಜಿನ ಬೆನ್ನಿಗೆ ಒಂದು ಗಳಿಗೆ ಕಿವಿಯಿಟ್ಟು, ಅಕ್ಕನ ಮಗಳತ್ತ ತಿರುಗಿದ.

"ಇದೊಂದೇ ಸಾಕಾ? ಗುಂಯ್ ಅನ್ನೋದು, ಟಕ್ ಅನ್ನೋದು, ಮುದುಕರ ಥರ ಕೆಮ್ಮೋದು... ಗಿರಾಕಿಗಳು ದೂರಿದ್ದೆಲ್ಲ ನಂಗೆ ಬಾಯಿಪಾಠ. ಯಾವ್ದು ಬೇಕು ಹೇಳಮ್ಮ."